ಕೆಟ್ಟ ಪತ್ತನ್ನು ತಿದ್ದುವವರು ಯಾರು?

“ಸಿಬಿಲ್ ಸರಿಪಡಿಸಿ ಕೊಡಲಾಗುವುದು. 7 ದಿನಗಳಲ್ಲಿ ಖಾತರಿ.” ಇಂತಹ ಒಕ್ಕಣೆಯ ಜಾಹೀರಾತುಗಳು ಬಸ್ ನಿಲ್ದಾಣದ ಕಂಬಗಳ ಮೇಲೂ ಮೊಬೈಲ್ ಫೋನಿನ ಪರದೆಯ ಮೇಲೂ ಇಂದು ಧಾರಾಳವಾಗಿ ಕಾಣಸಿಗುತ್ತವೆ. ಕೆಳಗೊಂದು ಫೋನ್ ನಂಬರು ಇರುತ್ತದೆ, ವಿಳಾಸ ಇರುವುದಿಲ್ಲ. ಆ ನಂಬರಿಗೆ ಕರೆಮಾಡುವವರೆಲ್ಲ ದುಂದುಗಾರರೆಂದು ಭಾವಿಸಬೇಕಾಗಿಲ್ಲ. ಗೋಡೆ ಎದ್ದು ನಿಂತ ಮನೆಗೆ ಚಾವಣಿ ಹಾಕಲು ಹಣ ಸಾಲದವರು, ಮಗಳ ನರ್ಸಿಂಗ್ ಕಾಲೇಜಿನ ಶುಲ್ಕಕ್ಕಾಗಿ ಅಲೆಯುತ್ತಿರುವವರು, ಹಳೆಯ ರಿಕ್ಷಾ ಬದಲಿಸದೆ ವಿಧಿಯಿಲ್ಲದವರು ಅವರಲ್ಲಿ ಇರುತ್ತಾರೆ. ಬ್ಯಾಂಕಿನ ಮೇಜಿನ ಆಚೆಯಿಂದ ಅವರಿಗೆ ದೊರೆತದ್ದು ಒಂದೇ ವಾಕ್ಯ: “ನಿಮ್ಮ ಸಿಬಿಲ್ ಸರಿಯಿಲ್ಲ.”

ಈ ವಾಕ್ಯವನ್ನು ಕೇಳಿಸಿಕೊಂಡು ಹೊರಬಂದವರ ಮನಸ್ಸಿನಲ್ಲಿ ಮೊದಲು ಮೂಡುವುದು ನಾಚಿಕೆ. ತಮ್ಮ ಹೆಸರಿಗೆ ಎಲ್ಲೋ ಮಸಿ ಬಳಿದಿದೆ, ಅದು ಏನೆಂದು ತಮಗೆ ಗೊತ್ತಿಲ್ಲ, ಇತರರಲ್ಲಿ ಕೇಳಿದರೆ ಮರ್ಯಾದೆ ಹೋದೀತು ಎಂಬ ಅಳುಕು. ಸಿಬಿಲ್ ತಿದ್ದಿಕೊಡುವುದಾಗಿ ಹೇಳುವ ದಲ್ಲಾಳಿಯ ನಿಜವಾದ ಬಂಡವಾಳ ಈ ಅಳುಕೇ ಆಗಿದೆ. ಆದುದರಿಂದ ಈ ವಿಷಯವನ್ನು ನಾಚಿಕೆಯಿಂದ ಬಿಡಿಸಿ, ತಿಳಿವಳಿಕೆಯ ಬೆಳಕಿನಲ್ಲಿಟ್ಟು ನೋಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಪತ್ತು ಎಂಬ ಹಳೆಯ ಮಾತು

ಇಂಗ್ಲಿಷಿನಲ್ಲಿ ಕ್ರೆಡಿಟ್ ಎಂದು ಕರೆಯುವುದಕ್ಕೆ ನಮ್ಮಲ್ಲಿ ‘ಪತ್ತು’ ಎಂಬ ಮಾತು ಮೊದಲಿನಿಂದಲೂ ಇದೆ. ಹಳ್ಳಿ ಹಳ್ಳಿಗಳಲ್ಲಿರುವ ‘ಕೃಷಿ ಪತ್ತಿನ ಸಹಕಾರ ಸಂಘ’ದ ಫಲಕವನ್ನು ನೋಡದವರಿಲ್ಲ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಂತಹ ಸಂಘವನ್ನು ಕಟ್ಟಿದಾಗ, ಸಾಲ ಕೇಳುವವನು ಎಂಥವನೆಂಬುದು ಊರಿಗೆ ತಿಳಿದಿತ್ತು. ಅವನ ಹೊಲ, ಅವನ ದುಡಿಮೆ, ಅವನ ಮಾತಿನ ಬೆಲೆ ಎಲ್ಲವೂ ಕಣ್ಣೆದುರಿಗಿತ್ತು. ಕ್ರೆಡಿಟ್ ಎಂಬ ಪದದ ಮೂಲವಾದ ಲ್ಯಾಟಿನ್ ಧಾತುವಿಗೂ ‘ನಂಬು’ ಎಂದೇ ಅರ್ಥ. ಸಾಲವೆಂದರೆ ಮೊದಲು ನಂಬಿಕೆ, ಆಮೇಲೆ ಹಣ.

ಇಂದು ಸಾಲ ಕೊಡುವವನಿಗೆ ನಮ್ಮ ಮುಖಪರಿಚಯವಿಲ್ಲ. ಮುಂಬಯಿಯ ಕಚೇರಿಯಲ್ಲಿ ಕುಳಿತವನು ಬಂಟ್ವಾಳದ ಬಡಗಿಯನ್ನು ನಂಬಬೇಕಾದರೆ ಅವನಿಗೆ ಒಂದು ದಾಖಲೆ ಬೇಕು. ಆ ದಾಖಲೆಯನ್ನು ಇಟ್ಟುಕೊಳ್ಳುವ ಸಲುವಾಗಿ 2000ದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪನೆಯಾಯಿತು. 2005ರಲ್ಲಿ ಸಂಸತ್ತು ಸಾಲ ಮಾಹಿತಿ ಕಂಪನಿಗಳ ನಿಯಂತ್ರಣಕ್ಕೆಂದೇ ಒಂದು ಕಾಯಿದೆ ಮಾಡಿತು. ಇಂದು ಭಾರತೀಯ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದು ಈ ಕೆಲಸ ಮಾಡುತ್ತಿರುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಮೊದಲಿನದು ಹೆಚ್ಚು ಬಳಕೆಯಲ್ಲಿದ್ದುದರಿಂದ ಜನರ ಬಾಯಲ್ಲಿ ಎಲ್ಲವೂ ‘ಸಿಬಿಲ್’ ಆಗಿದೆ.

ಬ್ಯಾಂಕುಗಳು, ಹಣಕಾಸು ಕಂಪನಿಗಳು, ಕಿರುಸಾಲ ಸಂಸ್ಥೆಗಳು ತಮ್ಮ ಸಾಲಗಾರರ ವಿವರವನ್ನು ಈ ಕಂಪನಿಗಳಿಗೆ ಕಳುಹಿಸುತ್ತವೆ. ಯಾವ ಸಾಲ, ಎಷ್ಟು ಮೊತ್ತ, ಯಾವ ತಿಂಗಳ ಕಂತು ಎಷ್ಟು ದಿನ ತಡವಾಯಿತು, ಬಾಕಿ ಎಷ್ಟು, ಸಾಲಕ್ಕೆಂದು ಎಷ್ಟು ಕಡೆ ಅರ್ಜಿ ಹಾಕಲಾಗಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಇದನ್ನು ಆಧರಿಸಿ 300ರಿಂದ 900ರ ನಡುವೆ ಒಂದು ಅಂಕವನ್ನು ಲೆಕ್ಕ ಹಾಕುತ್ತಾರೆ. ಉಳಿತಾಯ ಖಾತೆಯಲ್ಲಿ ಎಷ್ಟು ಹಣವಿದೆ, ಸಂಬಳವೆಷ್ಟು ಎಂಬುದಕ್ಕೆ ಈ ಅಂಕದಲ್ಲಿ ಸ್ಥಾನವಿಲ್ಲ. ಶ್ರೀಮಂತನ ಅಂಕ ಕಡಿಮೆಯಿರಬಹುದು. ಕೂಲಿಕಾರನ ಅಂಕ ಉತ್ತಮವಾಗಿರಬಹುದು. ಇದು ಸಾಲ ತೀರಿಸಿದ ರೀತಿಯ ದಾಖಲೆಯೇ ಹೊರತು ಮನುಷ್ಯನ ಯೋಗ್ಯತೆಯ ತೀರ್ಪಲ್ಲ.

ಒಂದೋ ನಿಜ, ಇಲ್ಲವೇ ಸುಳ್ಳು

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ವರದಿಯಲ್ಲಿ ನಮಗೆ ತೊಂದರೆ ಕೊಡುವ ಯಾವುದೇ ನಮೂದು ಒಂದೋ ನಿಜವಾಗಿರಬೇಕು, ಇಲ್ಲವೇ ಸುಳ್ಳಾಗಿರಬೇಕು. ಮೂರನೆಯ ಸಾಧ್ಯತೆಯಿಲ್ಲ.

ಅದು ಸುಳ್ಳಾಗಿದ್ದರೆ ಅದನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ಕಾನೂನು ನಮಗೆ ಕೊಟ್ಟಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಅದು ನಿಜವಾಗಿದ್ದರೆ ಭೂಮಿಯ ಮೇಲಿನ ಯಾವ ದಲ್ಲಾಳಿಯೂ ಅದನ್ನು ಅಳಿಸಲಾರ. ಏಕೆಂದರೆ ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಮಾಹಿತಿ ಕಂಪನಿ ತಾನಾಗಿ ಒಂದು ನಮೂದನ್ನೂ ಬದಲಿಸುವಂತಿಲ್ಲ. ಹಾಗಾದರೆ ದಲ್ಲಾಳಿ ಮಾರುವುದಾದರೂ ಏನನ್ನು? ಒಂದೋ ನಮಗೆ ಪುಕ್ಕಟೆಯಾಗಿ ಸಿಗುವುದನ್ನು, ಇಲ್ಲವೇ ಯಾರಿಂದಲೂ ಆಗದುದನ್ನು. ಈ ಒಂದು ವಿವೇಕವನ್ನು ನೆನಪಿನಲ್ಲಿಟ್ಟುಕೊಂಡರೆ ಲೇಖನದ ಉಳಿದ ಭಾಗವನ್ನು ಮರೆತರೂ ನಷ್ಟವಿಲ್ಲ.

ಅಮೆರಿಕದಲ್ಲಿ ಈ ವ್ಯಾಪಾರ ನಮಗಿಂತ ಮೊದಲೇ ಬೆಳೆದು, ಅಲ್ಲಿನ ಸಂಸತ್ತು 1996ರಲ್ಲಿ ಅದಕ್ಕೆ ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. ಒಪ್ಪಿದ ಕೆಲಸವನ್ನು ಪೂರ್ತಿ ಮಾಡುವ ಮೊದಲು ಶುಲ್ಕ ಪಡೆಯಕೂಡದು. ತಪ್ಪು ನಮೂದನ್ನು ನೀವೇ ತಕರಾರು ಹೂಡಿ ತಿದ್ದಿಸಿಕೊಳ್ಳಬಹುದು, ಸರಿಯಾದ ನಮೂದನ್ನು ತೆಗೆಸಲು ಯಾರಿಗೂ ಹಕ್ಕಿಲ್ಲ ಎಂದು ಗಿರಾಕಿಗೆ ಲಿಖಿತವಾಗಿ ತಿಳಿಸಬೇಕು ಎಂದು ಅಲ್ಲಿನ ಕಾನೂನು ವಿಧಿಸುತ್ತದೆ. ದೇಶ ಬೇರೆಯಾದರೂ ತರ್ಕ ಅದೇ.

ಸುಳ್ಳನ್ನು ತಿದ್ದುವ ದಾರಿ

ವರದಿಯಲ್ಲಿ ತಪ್ಪುಗಳಿರುವುದು ಅಪರೂಪವೇನಲ್ಲ. ತೀರಿಸಿ ಮುಗಿಸಿದ ಸಾಲ ಇನ್ನೂ ಬಾಕಿಯೆಂದು ತೋರಬಹುದು. ಒಂದೇ ಹೆಸರಿನ, ಒಂದೇ ಮನೆತನದ ಇನ್ನೊಬ್ಬರ ಸಾಲ ನಮ್ಮ ಲೆಕ್ಕಕ್ಕೆ ಸೇರಿರಬಹುದು. ನಮ್ಮ ಕರಾವಳಿಯಲ್ಲಿ ಒಂದೇ ಧರ್ಮಕೇಂದ್ರದಲ್ಲಿ ಅದೇ ಹೆಸರು, ಅದೇ ಅಡ್ಡಹೆಸರಿನವರು ಹಲವರಿರುವಾಗ ಇದು ಊಹಿಸಲಾಗದ ಸಂಗತಿಯಲ್ಲ. ನಮ್ಮ ಪ್ಯಾನ್ ಸಂಖ್ಯೆ ಬಳಸಿ ಯಾರೋ ಮೊಬೈಲ್ ಆ್ಯಪ್‌ನಲ್ಲಿ ಸಾಲ ಎತ್ತಿರಲೂಬಹುದು. 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಈ ನಾಲ್ಕೂ ಕಂಪನಿಗಳಿಗೆ ನಿಯಮ ಪಾಲನೆಯ ಲೋಪಗಳಿಗಾಗಿ ದಂಡ ವಿಧಿಸಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಮೊದಲನೆಯದಾಗಿ ವರದಿಯನ್ನು ತರಿಸಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2016ರ ಆದೇಶದಂತೆ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಅಂಕಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಕಂಪನಿಗಳು ನಾಲ್ಕಿರುವುದರಿಂದ ವರ್ಷಕ್ಕೆ ನಾಲ್ಕು ವರದಿ ಉಚಿತ. ಕಂಪನಿಯ ಸ್ವಂತ ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನಾಂಕ, ಪ್ಯಾನ್, ಮೊಬೈಲ್ ಸಂಖ್ಯೆ ಕೊಟ್ಟರೆ ವರದಿ ದೊರೆಯುತ್ತದೆ. ತಿಂಗಳ ಚಂದಾ, ವರ್ಷದ ಚಂದಾ ಎಂದು ಹಣ ಕೇಳುವ ಪುಟಗಳೂ ಅಲ್ಲಿರುತ್ತವೆ; ಅವುಗಳನ್ನು ಬಿಟ್ಟು ಉಚಿತ ವರದಿಯ ಕೊಂಡಿಯನ್ನೇ ಹುಡುಕಬೇಕು. ತನ್ನ ವರದಿಯನ್ನು ತಾನೇ ನೋಡಿದರೆ ಅಂಕ ಇಳಿಯುತ್ತದೆ ಎಂಬ ಮಾತು ಹುರುಳಿಲ್ಲದ್ದು.

ಎರಡನೆಯದಾಗಿ ಸಾವಧಾನದಿಂದ ಓದಬೇಕು. ಹೆಸರು, ವಿಳಾಸ, ಪ್ಯಾನ್ ಸರಿಯಿದೆಯೇ? ಪಟ್ಟಿಯಲ್ಲಿರುವ ಪ್ರತಿಯೊಂದು ಸಾಲವೂ ನಮ್ಮದೇ? ಮುಗಿದ ಸಾಲದ ಮುಂದೆ ‘ಮುಕ್ತಾಯ’ ಎಂದಿದೆಯೇ? ಬಾಕಿ ಮೊತ್ತ ಬ್ಯಾಂಕಿನ ಲೆಕ್ಕಕ್ಕೆ ಹೊಂದುತ್ತದೆಯೇ? ಸಂಶಯ ಬಂದೆಡೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಮೂರನೆಯದಾಗಿ ತಕರಾರು ಸಲ್ಲಿಸಬೇಕು. ಕಂಪನಿಯ ಜಾಲತಾಣದಲ್ಲೇ ಅದಕ್ಕೆ ಉಚಿತ ವ್ಯವಸ್ಥೆಯಿದೆ. ಜತೆಗೆ ಸಾಲ ಕೊಟ್ಟ ಶಾಖೆಯ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆದು, ಹಣ ಕಟ್ಟಿದ ರಸೀದಿ ಹಾಗೂ ‘ಬಾಕಿಯಿಲ್ಲ’ ಪತ್ರದ ನಕಲು ಲಗತ್ತಿಸಿ, ನಮ್ಮ ಪ್ರತಿಯ ಮೇಲೆ ತಲುಪಿದ ಮುದ್ರೆಯನ್ನೂ ದಿನಾಂಕವನ್ನೂ ಹಾಕಿಸಿಕೊಳ್ಳಬೇಕು. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ದಿನಾಂಕವಿರುವ ಕಾಗದ ನಿಲ್ಲುತ್ತದೆ.

ನಾಲ್ಕನೆಯದಾಗಿ ದಿನ ಎಣಿಸಬೇಕು. ತಕರಾರು ಸಲ್ಲಿಸಿದ 30 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕಿಗೆ 21 ದಿನಗಳ ಅವಕಾಶ. 2023ರ ಅಕ್ಟೋಬರ್‌ನಲ್ಲಿ ಹೊರಟು 2024ರ ಏಪ್ರಿಲ್ 26ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಆದೇಶದಂತೆ, 30 ದಿನ ಮೀರಿದರೆ ತಡವಾದ ಪ್ರತಿಯೊಂದು ದಿನಕ್ಕೂ 100 ರೂಪಾಯಿ ಪರಿಹಾರವನ್ನು ದೂರುದಾರನಿಗೆ ಕೊಡಬೇಕು. 50ನೆಯ ದಿನ ಇತ್ಯರ್ಥವಾದರೆ 2,000 ರೂಪಾಯಿ ಸಲ್ಲಬೇಕೆಂದಾಯಿತು. ಕೋರಿಕೆಯನ್ನು ತಿರಸ್ಕರಿಸಿದರೆ ಕಾರಣವನ್ನೂ ತಿಳಿಸಬೇಕು. ದಲ್ಲಾಳಿ ತಿದ್ದುಪಡಿಗೆಂದು ಹಣ ಕೇಳುತ್ತಾನೆ. ತಿದ್ದುಪಡಿ ತಡವಾದರೆ ನಮಗೇ ಹಣ ಕೊಡಬೇಕೆಂದು ನಿಯಮ ಹೇಳುತ್ತದೆ.

ಐದನೆಯದಾಗಿ, ಇಷ್ಟಾದರೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಲ್ಲಿಗೆ ಹೋಗಬಹುದು. 2022ರ ಸೆಪ್ಟೆಂಬರ್ 1ರಿಂದ ಸಾಲ ಮಾಹಿತಿ ಕಂಪನಿಗಳನ್ನೂ ಈ ವ್ಯವಸ್ಥೆಯೊಳಗೆ ತರಲಾಗಿದೆ. ಮೊದಲು ಸಂಬಂಧಪಟ್ಟ ಸಂಸ್ಥೆಗೆ ಲಿಖಿತ ದೂರು ಕೊಟ್ಟಿರಬೇಕು. ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ತಡಮಾಡದೆ ಅಲ್ಲಿ ದೂರಬೇಕು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿವರಕ್ಕೆ 14448 ಸಂಖ್ಯೆಗೆ ಕರೆಮಾಡಬಹುದು.

ನಿಜವಾದ ಬಾಕಿಗೆ ಮದ್ದು

ವರದಿಯಲ್ಲಿರುವುದು ನಿಜವೇ ಆಗಿದ್ದರೆ ಏನು ಮಾಡಬೇಕು? ಈ ದಾರಿ ನಿಧಾನದ್ದು. ಆದರೆ ಮುಚ್ಚಿದ ದಾರಿಯಲ್ಲ.

ಮೊದಲು ಸುಸ್ತಿಯಾದ ಕಂತುಗಳನ್ನು ಕಟ್ಟಿ ಮುಗಿಸಬೇಕು. ಇಲ್ಲಿ ಒಂದು ಪದದ ವ್ಯತ್ಯಾಸವನ್ನು ಎಲ್ಲರೂ ತಿಳಿದಿರಬೇಕು. 80,000 ರೂಪಾಯಿ ಬಾಕಿಯಿರುವ ಒಬ್ಬನಿಗೆ “45,000 ಕಟ್ಟಿ ಮುಗಿಸಿಬಿಡಿ” ಎಂದು ಬ್ಯಾಂಕು ಹೇಳಿತೆಂದು ಇಟ್ಟುಕೊಳ್ಳೋಣ. ಅವನು ಸಂತೋಷದಿಂದ ಕಟ್ಟುತ್ತಾನೆ. ವಸೂಲಿಗಾರರ ಕಾಟ ನಿಲ್ಲುತ್ತದೆ. ಆದರೆ ವರದಿಯಲ್ಲಿ ಆ ಸಾಲದ ಮುಂದೆ ‘ಕ್ಲೋಸ್ಡ್’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಮೊದಲಿನದು ಪೂರ್ತಿ ತೀರಿತು ಎಂದರ್ಥ. ಎರಡನೆಯದು ಉಳಿದ 35,000ವನ್ನು ಸಂಸ್ಥೆ ಕಳೆದುಕೊಂಡಿತು ಎಂದರ್ಥ. ಮುಂದೆ ಸಾಲ ಕೊಡುವವನು ಈ ಎರಡನೆಯ ಪದವನ್ನು ಕಂಡರೆ ಹಿಂಜರಿಯುತ್ತಾನೆ. ಸಾಲ ಮಾಹಿತಿಯನ್ನು ಕನಿಷ್ಠ 7 ವರ್ಷ ಉಳಿಸಿಕೊಳ್ಳಬೇಕೆಂಬ ನಿಯಮವಿರುವುದರಿಂದ ಆ ಪದ ಬೇಗ ಮಾಸುವುದಿಲ್ಲ. ಕೈ ಕೂಡಿಬಂದಾಗ ಬ್ಯಾಂಕಿಗೆ ಹೋಗಿ ಉಳಿದುದನ್ನು ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದು, ನಮೂದನ್ನು ‘ಕ್ಲೋಸ್ಡ್’ ಎಂದು ಬದಲಿಸುವಂತೆ ಲಿಖಿತವಾಗಿ ಕೇಳಬಹುದು. ಸಂಕಷ್ಟದಲ್ಲಿದ್ದವನಿಗೆ ಇಂತಹ ಒಪ್ಪಂದ ಬೇಡವೆಂದು ನಾವು ಹೇಳುವುದಿಲ್ಲ; ಅದರ ಅರ್ಥ ತಿಳಿದು ಸಹಿ ಹಾಕಿರಿ ಎಂದಷ್ಟೇ ಹೇಳುತ್ತೇವೆ.

ಬಾಕಿ ತೀರಿದ ಮೇಲೆ ಸಕಾಲದಲ್ಲಿ ಕಟ್ಟಿದ ಪ್ರತಿಯೊಂದು ಕಂತೂ ಹಳೆಯ ಲೋಪದ ಭಾರವನ್ನು ಕಡಿಮೆಮಾಡುತ್ತ ಹೋಗುತ್ತದೆ. ಸಂಸ್ಥೆಗಳು ಮೊದಲು ತಿಂಗಳಿಗೊಮ್ಮೆ ಮಾಹಿತಿ ಕಳುಹಿಸುತ್ತಿದ್ದವು. 2025ರ ಜನವರಿಯಿಂದ ಆ ಅವಧಿ 15 ದಿನಗಳಿಗೆ ಇಳಿಯಿತು. ಆದುದರಿಂದ ನಮ್ಮ ಶಿಸ್ತು ಹಿಂದಿಗಿಂತ ಬೇಗ ದಾಖಲೆಗೆ ಬರುತ್ತದೆ. ಕ್ರೆಡಿಟ್ ಕಾರ್ಡು ಇದ್ದವರು ಮಿತಿಯ ತುದಿಯವರೆಗೆ ಬಳಸದೆ ಶೇಕಡಾ 30ರೊಳಗೆ ನಿಲ್ಲಿಸುವುದು ಒಳಿತೆಂದು ಬಲ್ಲವರು ಹೇಳುತ್ತಾರೆ. ಒಂದು ಬ್ಯಾಂಕು ನಿರಾಕರಿಸಿದೊಡನೆ ಹತ್ತು ಕಡೆ ಅರ್ಜಿ ಹಾಕಬಾರದು. ಪ್ರತಿಯೊಂದು ಅರ್ಜಿಯೂ ದಾಖಲಾಗಿ ಆತುರದ ಲಕ್ಷಣವಾಗಿ ಕಾಣುತ್ತದೆ. ಯಾರೂ ಕಾರ್ಡು ಕೊಡದ ಸ್ಥಿತಿಯಲ್ಲಿ ನಿಶ್ಚಿತ ಠೇವಣಿಯ ಆಧಾರದ ಮೇಲೆ ಕೊಡುವ ಕಾರ್ಡನ್ನು ಪಡೆದು, ಚಿಕ್ಕ ಮೊತ್ತ ಬಳಸಿ, ತಿಂಗಳು ತಿಂಗಳೂ ಪೂರ್ತಿ ಕಟ್ಟಿ ಹೆಸರು ಕಟ್ಟಿಕೊಳ್ಳಬಹುದು.

ಹಿಂದೆಂದೂ ಸಾಲ ಮಾಡದವರಿಗೆ ಅಂಕವೇ ಇರುವುದಿಲ್ಲ. ಸಾಲಕ್ಕೆ ಇಂತಿಷ್ಟು ಅಂಕ ಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿಲ್ಲ. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಹಿಂದಿನ ದಾಖಲೆಯಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆಂದು ಸಾಲ ಸಂಸ್ಥೆಗಳಿಗೆ ಸೂಚನೆಯಿದೆ ಎಂದು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ ಸಂಸತ್ತಿಗೆ ತಿಳಿಸಿದೆ. ತರುಣರು ಈ ಮಾತನ್ನು ಧೈರ್ಯದಿಂದ ಶಾಖೆಯಲ್ಲಿ ಹೇಳಬಹುದು.

ಕಂತು ಕಟ್ಟಲು ಆಗದ ತಿಂಗಳು ಬರಲಿದೆಯೆಂದು ಕಂಡಾಗ ಅಡಗಿ ಕೂರುವುದಕ್ಕಿಂತ, ತಪ್ಪುವ ಮೊದಲೇ ಶಾಖೆಗೆ ಹೋಗಿ ಕಾಯಿಲೆ, ಕೆಲಸ ಹೋದದ್ದು, ಬೆಳೆ ನಾಶ ಏನೇ ಇದ್ದರೂ ಹೇಳಿ, ಕಂತಿನ ಮೊತ್ತವನ್ನೋ ಅವಧಿಯನ್ನೋ ಬದಲಿಸಿಕೊಡುವಂತೆ ಲಿಖಿತವಾಗಿ ಕೇಳುವುದು ಮೇಲು.

ದಲ್ಲಾಳಿಯ ಮಾತಿನ ಹಿಂದೆ

“ಅಮ್ಮಾ, ನೀವೇನೂ ಚಿಂತೆ ಮಾಡಬೇಡಿ, ಒಳಗೆ ನಮ್ಮವರಿದ್ದಾರೆ.” ಈ ಮಾತು ಕಿವಿಗೆ ಹಿತವಾಗಿರುತ್ತದೆ. ಮುಂಗಡ ಹಣ ಕೇಳುವುದು ಮೊದಲ ಹೆಜ್ಜೆ. ಆಧಾರ್, ಪ್ಯಾನ್, ಖಾಲಿ ಚೆಕ್ಕು, ಫೋನಿಗೆ ಬಂದ ಓಟಿಪಿ ಕೇಳುವುದು ಎರಡನೆಯದು. ಇವುಗಳಿಂದ ನಮ್ಮ ಹೆಸರಿನಲ್ಲಿ ಹೊಸ ಸಾಲವನ್ನೇ ಎತ್ತಬಹುದು. ತಿದ್ದಲು ಹೋದ ಹೆಸರು ಇನ್ನಷ್ಟು ಕೆಡುತ್ತದೆ.

ಇನ್ನು ಕೆಲವರು ನಾಲ್ಕಾರು ನಮೂದುಗಳ ಮೇಲೆ ಕಾರಣವಿಲ್ಲದೆ ತಕರಾರು ಹೂಡುತ್ತಾರೆ. ವಿಚಾರಣೆ ಮುಗಿಯುವವರೆಗೆ ಆ ನಮೂದಿನ ಬಳಿ ‘ತಕರಾರಿನಲ್ಲಿದೆ’ ಎಂಬ ಗುರುತು ಬರುತ್ತದೆ. ಅದನ್ನೇ ತೋರಿಸಿ “ನೋಡಿ, ಕೆಲಸ ಆಯಿತು” ಎಂದು ಉಳಿದ ಹಣ ವಸೂಲು ಮಾಡುತ್ತಾರೆ. ಬ್ಯಾಂಕು ನಮೂದು ಸರಿಯೆಂದು ದೃಢಪಡಿಸಿದ ಮೇಲೆ ಎಲ್ಲವೂ ಮೊದಲಿನಂತೆಯೇ. ಅಷ್ಟರಲ್ಲಿ ಫೋನ್ ನಂಬರು ಬದಲಾಗಿರುತ್ತದೆ. ಬ್ಯಾಂಕಿಗೆ ಕಟ್ಟುತ್ತೇವೆಂದು ಬಾಕಿ ಹಣವನ್ನೇ ಕೈಗೆ ಪಡೆದು ನಕಲಿ ‘ಬಾಕಿಯಿಲ್ಲ’ ಪತ್ರ ಕೊಡುವವರು, ಹೊಸ ಪ್ಯಾನ್ ಮಾಡಿಸಿಕೊಳ್ಳಿ ಎಂದು ಸಲಹೆ ಕೊಡುವವರು ಇನ್ನೂ ಅಪಾಯಕಾರಿಗಳು. ಒಬ್ಬರಿಗೆ ಎರಡು ಪ್ಯಾನ್ ಇರುವುದು ಕಾನೂನಿಗೆ ವಿರುದ್ಧ. ಅದಕ್ಕೆ 10,000 ರೂಪಾಯಿ ದಂಡವಿದೆ.

ಸಾಲದ ಹಣವನ್ನು ಬ್ಯಾಂಕಿನ ಸಾಲದ ಖಾತೆಗೇ ಕಟ್ಟಬೇಕು, ರಸೀದಿ ಪಡೆಯಬೇಕು. ಈಗಾಗಲೇ ಮೋಸ ಹೋದವರು ಸುಮ್ಮನಿರಬಾರದು. ಕೂಡಲೇ 1930 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬೇಕು, ಬ್ಯಾಂಕಿಗೂ ತಿಳಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು. ಮುಂದಿನ ತಿಂಗಳುಗಳಲ್ಲಿ ವರದಿಯನ್ನು ಮತ್ತೆ ಮತ್ತೆ ನೋಡಿ, ತಾವು ಮಾಡದ ಸಾಲವಿದ್ದರೆ ತಕರಾರು ಸಲ್ಲಿಸಬೇಕು.

ಬೇರೆಯವರಿಗಾಗಿ ಕೊಟ್ಟ ಹೆಸರು

“ನಾನು ಒಂದು ರೂಪಾಯಿ ಸಾಲ ಮಾಡಿದವನಲ್ಲ ಫಾದರ್, ನನ್ನ ಸಿಬಿಲ್ ಹೇಗೆ ಕೆಟ್ಟಿತು?” ಎಂದು ಕೇಳುವವರಿದ್ದಾರೆ. ವಿಚಾರಿಸಿದರೆ ಭಾವಮೈದುನನ ಲಾರಿಗೋ ಸ್ನೇಹಿತನ ಅಂಗಡಿಗೋ ಹಿಂದೆಂದೋ ಜಾಮೀನು ಸಹಿ ಹಾಕಿದ್ದು ನೆನಪಾಗುತ್ತದೆ. 1872ರ ಕರಾರು ಕಾಯಿದೆಯಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಅವನು ತಪ್ಪಿದರೆ ಇವನ ವರದಿಯಲ್ಲೂ ಕಲೆ ಬೀಳುತ್ತದೆ.

ಮಹಿಳೆಯರ ಗುಂಪುಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ರೂಢಿಯಿದೆ. “ಅಕ್ಕಾ, ನಿಮ್ಮ ಹೆಸರಿನಲ್ಲಿ ತೆಗೆದುಕೊಡಿ, ವಾರ ವಾರ ನಾನೇ ಕಟ್ಟುತ್ತೇನೆ” ಎಂದು ನೆರೆಯವಳು ಬೇಡಿಕೊಂಡಾಗ ಇಲ್ಲವೆನ್ನಲು ನಾಲಗೆ ಏಳುವುದಿಲ್ಲ. ಆದರೆ ದಾಖಲೆಯಲ್ಲಿ ಸಾಲಗಾರ್ತಿ ಅಕ್ಕನೇ. ಗಲ್ಫಿಗೆ ಹೊರಡುವ ತರುಣರೂ ಬಳಸದ ಕಾರ್ಡನ್ನು ರದ್ದುಮಾಡದೆ ಹೋಗುತ್ತಾರೆ. ಅದರ ವಾರ್ಷಿಕ ಶುಲ್ಕ ಬಾಕಿಯಾಗಿ, ಬಡ್ಡಿ ಸೇರಿ, ಊರಿಗೆ ಮರಳಿ ಮನೆ ಸಾಲ ಕೇಳಿದ ದಿನ ಎದುರು ನಿಲ್ಲುತ್ತದೆ. ನೆರವು ನೀಡುವುದು ಸದ್ಗುಣವೇ. ಆದರೆ ಕೊಡಬಲ್ಲಷ್ಟು ಹಣವನ್ನು ಕೊಡುವುದು ಬೇರೆ, ಅಳತೆಯಿಲ್ಲದೆ ಹೆಸರನ್ನು ಕೊಡುವುದು ಬೇರೆ. ಸಹಿ ಹಾಕುವ ಮೊದಲು ‘ಈ ಸಾಲವನ್ನು ನಾನೇ ತೀರಿಸಬೇಕಾಗಿ ಬಂದರೆ ತೀರಿಸಬಲ್ಲೆನೇ’ ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು.

ಪ್ರಿಯ ಓದುಗರೇ, ನಮ್ಮ ಪ್ರತಿಯೊಂದು ಊರಿನಲ್ಲೂ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಕಂಪ್ಯೂಟರ್ ಬಲ್ಲ ಯುವಕ ಯುವತಿಯರಿದ್ದಾರೆ. ತಿಂಗಳಿಗೆ ಒಂದು ಸಂಜೆ ಅವರು ಜತೆಗೂಡಿ ಕುಳಿತು, ವರದಿ ತರಿಸಿ ಓದಿಹೇಳಿ, ತಕರಾರಿನ ಪತ್ರ ಬರೆದುಕೊಟ್ಟರೆ ಎಷ್ಟೋ ಕುಟುಂಬಗಳ ದುಡಿಮೆಯ ಹಣ ಉಳಿಯುತ್ತದೆ. ಓಟಿಪಿಯನ್ನು ಮಾತ್ರ ಫೋನಿನ ಒಡೆಯರೇ ಒತ್ತಲಿ, ಕಾಗದಗಳು ಅವರ ಕೈಯಲ್ಲೇ ಉಳಿಯಲಿ. ಕೆಟ್ಟ ಪತ್ತನ್ನು ತಿದ್ದುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ: ಅದರಲ್ಲಿರುವ ಸುಳ್ಳನ್ನು ನಮ್ಮ ಒಂದು ಅರ್ಜಿ ತಿದ್ದುತ್ತದೆ, ನಿಜವನ್ನು ನಮ್ಮ ಮುಂದಿನ ನಡತೆ ತಿದ್ದುತ್ತದೆ. ಈ ವಾರವೇ ಒಂದು ವರದಿಯನ್ನು ತರಿಸಿ ಓದಲು ಆರಂಭಿಸಿರಿ.